ಹಳೆಯ ಶೂಟಿಂಗ್ ರೇಂಜ್: ದಿಬ್ಬಕ್ಕೆ ಜೆಸಿಬಿ ಹಚ್ಚುವ ಮೊದಲು

ಓದುಗರ ಪತ್ರ: ಉಡುಪಿಯಿಂದ ಮೂಡುದಿಕ್ಕಿಗೆ, ನಮ್ಮೂರ ಗುಡ್ಡದ ಬುಡದಲ್ಲಿ 50 ಮೀಟರಿನ ಹಳೆಯ ರೈಫಲ್ ರೇಂಜ್ ಇದೆ. ಹದಿನೈದು ವರ್ಷದಿಂದ ಪಾಳುಬಿದ್ದಿದೆ. ಗುಂಡು ತಡೆಯುವ ಮಣ್ಣಿನ ದಿಬ್ಬದ ತುಂಬ ಪೊದೆ. ಪಕ್ಕದ ಉದ್ದನೆಯ ಹಂಚಿನ ಕಟ್ಟಡ ಇನ್ನೂ ಗಟ್ಟಿಯಾಗಿದೆ. ಎರಡು ಕ್ಲಬ್‌ನವರೂ ಕಾಲೇಜಿನ ಎನ್‌ಸಿಸಿಯವರೂ ಸೇರಿ ಮತ್ತೆ ಶುರುಮಾಡಬೇಕೆಂದಿದ್ದೇವೆ. ಮಳೆಗಾಲದೊಳಗೆ ಜೆಸಿಬಿ ತರಿಸಿ ದಿಬ್ಬ ಕೆಡವಿ ಹೊಸದು ಎಬ್ಬಿಸಿದರೆ ಸಾಕಲ್ಲವೇ?

ಸಂಪಾದಕರ ಉತ್ತರ: ಜೆಸಿಬಿಗೆ ಇನ್ನೂ ಮುಂಗಡ ಕೊಟ್ಟಿಲ್ಲ ಎಂದುಕೊಳ್ಳುತ್ತೇವೆ. ಕೊಟ್ಟಿದ್ದರೂ ಬೇಡ ಅನ್ನಿ.

ಆ ದಿಬ್ಬ ಬರೀ ಮಣ್ಣಲ್ಲ. ಪಾಯಿಂಟ್ 22 (ನಳಿಗೆಯ ವ್ಯಾಸ 0.22 ಇಂಚು) ರೈಫಲ್ಲಿನ ಒಂದು ಗುಂಡು ಸುಮಾರು 2.6 ಗ್ರಾಂ ಸೀಸ. ಹತ್ತು ಮಂದಿ ತಲಾ 60 ಗುಂಡು ಹೊಡೆದರೆ ದಿನಕ್ಕೆ ಒಂದೂವರೆ ಕೆ.ಜಿ. ದಾಟುತ್ತದೆ, ವರ್ಷಕ್ಕೆ 50 ದಿನ ಅಭ್ಯಾಸ ನಡೆದರೆ 78 ಕೆ.ಜಿ. ಇಷ್ಟೂ ಸೀಸ ದಿಬ್ಬದ ಮುಖದಲ್ಲಿ, ಟಾರ್ಗೆಟ್ಟಿನ ಎತ್ತರದಲ್ಲಿ, ಒಂದೆರಡು ಅಡಿ ಆಳದೊಳಗೆ ಕೂತಿರುತ್ತದೆ. ಅದನ್ನು ಜೆಸಿಬಿ ಅಂಗಳದುದ್ದಕ್ಕೂ ಎಳೆದಾಡಿತೋ, ಮಳೆ ತೋಡಿಗೆ ಇಳಿಸುತ್ತದೆ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ) ಮಣ್ಣು ಹುಳಿ, ಹುಳಿ ಮಣ್ಣಿನಲ್ಲಿ ಸೀಸ ಬೇಗ ಕರಗುತ್ತದೆ. ತೋಡಿನ ಕೆಳಗೆ ಗದ್ದೆ, ಬಾವಿ. ಕುಡಿಯುವ ನೀರಿನಲ್ಲಿ ಸೀಸಕ್ಕೆ ಇರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ ಮಾತ್ರ. ಕೆಲಸಕ್ಕೆ ಕೈಹಾಕುವ ಮೊದಲೇ ಇಳಿಜಾರಿನ ಬಾವಿಗಳ ನೀರನ್ನು ಪರೀಕ್ಷೆ ಮಾಡಿಸಿಡಿ. ನಾಳೆ ನೆರೆಮನೆಯವರು ಕೇಳಿದರೆ ಕೈಯಲ್ಲಿ ಕಾಗದ ಇರಬೇಕು.

ದಿಬ್ಬದ ಕೆಲಸಕ್ಕೆ ಕಾಲ ನವೆಂಬರಿನಿಂದ ಏಪ್ರಿಲ್. ಅಷ್ಟರಲ್ಲಿ ಮುಗಿಯದು ಅನ್ನಿಸಿದರೆ ಟಾರ್ಪಾಲು ಹೊದಿಸಿ ಈ ಮಳೆಗಾಲ ದಾಟಿಸಿ. ಮಾಡುವಾಗ ಮುಖದ ಮಣ್ಣನ್ನು ನೀರು ಚಿಮುಕಿಸಿ ಒದ್ದೆ ಮಾಡಿಕೊಂಡು, ಮೇಲಿನಿಂದ ಕೆಳಕ್ಕೆ ಕೈಯಲ್ಲೇ ಬಿಡಿಸಿ, 5 ಮಿ.ಮೀ. ಕಣ್ಣಿನ ಜರಡಿ ಹಿಡಿಯಿರಿ. ಜರಡಿಯಲ್ಲಿ ಮುರಕಲ್ಲಿನ ಹರಳೂ ಗುಂಡೂ ಒಟ್ಟಿಗೆ ನಿಲ್ಲುತ್ತವೆ, ಕೈಗೆ ಭಾರವಾಗಿ ಸಿಗುವುದು ಗುಂಡು. ಚಪ್ಪಟೆಯಾದ ಚೂರುಗಳು ಕೆಳಗೆ ಇಳಿದುಬಿಡುತ್ತವೆ, ಆದ್ದರಿಂದ ಜರಡಿಯಾದ ಮಣ್ಣನ್ನೂ ಹೊರಗೆ ಒಯ್ಯುವಂತಿಲ್ಲ, ದಿಬ್ಬದ ಹೊಟ್ಟೆಗೇ ಹಾಕಬೇಕು. ಒಣಮಣ್ಣನ್ನು ಕೇರಿದರೆ ಸೀಸದ ಧೂಳು ಮೂಗಿಗೆ. ಮಾಸ್ಕ್, ಕೈಗವಸು ಇರಲಿ, ಕೈ ತೊಳೆಯದೆ ಚಾ ಬೇಡ, ಆ ದಿನದ ಬಟ್ಟೆಯನ್ನು ಮನೆಮಂದಿಯ ಬಟ್ಟೆಯ ಜೊತೆ ಒಗೆಯುವುದೂ ಬೇಡ. ಸಿಡಿಯದ ತೋಟಾ ಸಿಕ್ಕರೆ ಮುಟ್ಟದೆ ಠಾಣೆಗೆ ತಿಳಿಸಿ. ಸಿಕ್ಕಿದ ಸೀಸವನ್ನು ಮೀನುಬಲೆಗೆ ಕಟ್ಟುವ ಭಾರಕ್ಕಾದೀತೆಂದು ಅಂಗಳದಲ್ಲಿ ಕರಗಿಸುವ ಆಸೆ ಕೆಲವರಿಗೆ ಹುಟ್ಟುತ್ತದೆ. ದಯವಿಟ್ಟು ಬೇಡ, ಗುಜರಿಗೂ ಬೇಡ. ಅನುಮತಿ ಪಡೆದ ಸೀಸ ಮರುಬಳಕೆದಾರರಿಗೇ ಕೊಡಿ.

ನೀರು ಹರಿದುಹೋಗುವ ಕಡೆ ಅಡ್ಡಲಾಗಿ ಎರಡಡಿ ಗುಂಡಿ ತೆಗೆದು ಮರುವಾಯಿ (ಕಪ್ಪೆಚಿಪ್ಪು) ಚಿಪ್ಪಿನ ನುಚ್ಚು ತುಂಬಿ. ಚಿಪ್ಪು ನಿಧಾನವಾಗಿ ಕರಗಿ ಹುಳಿ ಇಳಿಸುತ್ತದೆ. ಒಳ್ಳೆಯದೆಂದು ಸುಣ್ಣವನ್ನು ಮೂಟೆಗಟ್ಟಲೆ ಸುರಿದರೆ ಉಲ್ಟಾ ಹೊಡೆಯುತ್ತದೆ. ಮಣ್ಣಿನ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 6.5ರಿಂದ 8.5ರೊಳಗಿರಬೇಕು, ಅದಕ್ಕಿಂತ ಬಹಳ ಮೇಲೇರಿದರೆ ಸೀಸ ಮತ್ತೆ ಕರಗತೊಡಗುತ್ತದೆ.

ಹೊಸ ಮುಖಕ್ಕೆ ಜರಡಿ ಹಿಡಿದ ಮರಳೇ ಆಗಬೇಕು, ಕನಿಷ್ಠ ಅರ್ಧ ಮೀಟರ್ ದಪ್ಪ. ಗುಡ್ಡದ ಮಣ್ಣನ್ನು ಹಾಗೇ ಪೇರಿಸಿದರೆ ಅದರೊಳಗಿನ ಒಂದೊಂದು ಕಲ್ಲೂ ಗುಂಡನ್ನು ಎಲ್ಲೆಂದರಲ್ಲಿಗೆ ತಿರುಗಿಸುತ್ತದೆ. ಒಣಮರಳು ತಾನಾಗಿ ನಿಲ್ಲುವ ಇಳಿಜಾರು 34 ಡಿಗ್ರಿಯ ಆಸುಪಾಸು. ಪ್ರತಿ ಮಳೆಯ ನಂತರ ಅದು ಜಾರಿ ಚಪ್ಪಟೆಯಾಗುತ್ತದೆ, ಎಳೆದು ಕಟ್ಟುತ್ತಿರಬೇಕು. ಬದಿಗಳಿಗೆ ಲಾವಂಚ ನೆಟ್ಟರೆ ಮಣ್ಣು ಹಿಡಿಯುತ್ತದೆ. ಟೈರು ಪೇರಿಸುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ: ಟೈರಿನಿಂದ ಗುಂಡು ಪುಟಿದು ಹಿಂದಕ್ಕೆ ಬರುತ್ತದೆ, ಮಳೆಗಾಲದಲ್ಲಿ ಸೊಳ್ಳೆ ಸಾಕಿದಂತೆಯೂ ಆಗುತ್ತದೆ. ಇನ್ನು ಒಂದೇ ಟಾರ್ಗೆಟ್ಟಿನ ಹಿಂದೆ ಗುಂಡು ಬಿದ್ದು ಬಿದ್ದು ಮರಳಿನಲ್ಲಿ ಸೀಸದ ಗೂಡು ಕಟ್ಟುತ್ತದೆ. ಮುಂದಿನ ಗುಂಡು ಮರಳಿಗಲ್ಲ, ಹಳೆಯ ಗುಂಡಿಗೆ ಬಡಿದು ಸಿಡಿಯುತ್ತದೆ. ಗುಳಿ ಕಂಡಾಗಲೆಲ್ಲ ಕೆದಕಿ ತೆಗೆಯಿರಿ.

ಇಷ್ಟೆಲ್ಲ ಮಾಡಿದರೂ ದಿಬ್ಬದ ಆಚೆ ಏನಿದೆ ಎಂಬುದನ್ನು ನೀವು ಬರೆದಿಲ್ಲ. ಹದಿನೈದು ವರ್ಷದಲ್ಲಿ ಅಲ್ಲಿ ಮನೆ ಎದ್ದಿರಬಹುದು, ರಸ್ತೆ ಆಗಿರಬಹುದು. ನಿಂತು ಹಿಡಿದ ರೈಫಲ್ಲಿನ ನಳಿಗೆ ನೆಲದಿಂದ ಒಂದೂವರೆ ಮೀಟರ್; ದಿಬ್ಬ 3.5 ಮೀಟರ್ ಎತ್ತರವಿದ್ದರೆ ನಡುವೆ ಉಳಿಯುವುದು ಎರಡೇ ಮೀಟರ್. 50 ಮೀಟರ್ ದೂರಕ್ಕೆ ಅದು ಎರಡೂಕಾಲು ಡಿಗ್ರಿ. ನಳಿಗೆ ಅಷ್ಟು ಮೇಲೆದ್ದಾಗ ಬೆರಳು ತಾಗಿದರೆ ಗುಂಡು ದಿಬ್ಬ ದಾಟಿತು. ಪಾಯಿಂಟ್ 22 ಗುಂಡು ಒಂದು ಕಿಲೋಮೀಟರ್ ದಾಟಿಯೂ ಹೋಗಬಲ್ಲದು. ಅದಕ್ಕೇ ಶೂಟರ್ ಮತ್ತು ದಿಬ್ಬದ ನಡುವೆ ತಲೆಯ ಮೇಲೆ ಅಡ್ಡತಡೆಗಳನ್ನು ತೂಗಿಸುವುದು. ಪ್ರತಿ ಲೇನಿನಲ್ಲೂ ಮಲಗಿ, ಮಂಡಿಯೂರಿ, ನಿಂತು ನೋಡಿ: ದಿಬ್ಬದ ಮೇಲೆ ಆಕಾಶ ಕಂಡರೆ ಗುಂಡಿಗೂ ದಾರಿ ಇದೆ ಎಂದೇ ಅರ್ಥ. ತಡೆಗೆ ಕಬ್ಬಿಣದ ಚೌಕಟ್ಟು, ಎರಡು ಪ್ಲೈವುಡ್ಡಿನ ನಡುವೆ ಜಲ್ಲಿ. ಬರೀ ಮರವಾದರೆ ಗೆದ್ದಲಿನ ಪಾಲು.

ಜಾಗದ ಪಹಣಿ, ನಕ್ಷೆ ಮೊದಲು ತೆಗೆಸಿ. ಸರ್ಕಾರದ್ದೋ, ಕುಮ್ಕಿಯೋ (ಪಟ್ಟಾ ಜಮೀನಿಗೆ ತಾಗಿದ, ಅದರವರಿಗೆ ಬಳಕೆಯ ಹಕ್ಕಿರುವ ಸರ್ಕಾರಿ ಜಾಗ), ಅರಣ್ಯವೋ ಗೊತ್ತಾಗದೆ ಒಂದು ಗಿಡವನ್ನೂ ಕಡಿಯಬೇಡಿ. ಉಡುಪಿಯಲ್ಲಿ ಕ್ಲಬ್ಬಿನ ಶಸ್ತ್ರ ಪರವಾನಗಿಗೆ ಜಿಲ್ಲಾಧಿಕಾರಿಗಳ ಕಚೇರಿಗೇ ಹೋಗಬೇಕು. ತೋಟದ ಕೋವಿಯವರು ಬಂದು ನಾವೂ ಹೊಡೆಯುತ್ತೇವೆ ಅಂದರೆ ಬಿಡಬೇಡಿ, ಈ ದಿಬ್ಬ ಪಾಯಿಂಟ್ 22ಕ್ಕೆ ಮಾತ್ರ.

ನಮ್ಮ ಸಲಹೆ ಕೇಳಿದರೆ, ದಿಬ್ಬ ಎರಡನೇ ವರ್ಷಕ್ಕಿರಲಿ, ಹಂಚಿನ ಕಟ್ಟಡದಲ್ಲಿ 10 ಮೀಟರ್ ಏರ್ ರೈಫಲ್ ಮೊದಲು ಶುರುವಾಗಲಿ. 4.5 ಮಿ.ಮೀ. ನಳಿಗೆಯ, 20 ಜೂಲ್ ಮೀರದ ಏರ್‌ಗನ್‌ಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿ ಬೇಡ. ಸ್ಪರ್ಧೆಯ ರೈಫಲ್ಲಿನ ಶಕ್ತಿ ಏಳೆಂಟು ಜೂಲ್ ಅಷ್ಟೇ. ಹತ್ತು ಲೇನಿಗೆ ಹತ್ತು ಮೀಟರ್ ಅಗಲ, ಶೂಟರ್ ನಿಲ್ಲುವ ಜಾಗವೂ ಸೇರಿ 15 ಮೀಟರ್ ಉದ್ದ ಸಾಕು. ಪೆಲೆಟ್ (ಏರ್ ರೈಫಲ್ಲಿನ ಸೀಸದ ಪುಟ್ಟ ಗುಂಡು) ಹಿಡಿಯಲು ಒಳಗೆ ಇಳಿಜಾರಾಗಿ ಉಕ್ಕಿನ ತಗಡು ಕೂರಿಸಿದ ಪೆಟ್ಟಿಗೆ, ಅದರ ಹಿಂದಿನ ಗೋಡೆಗೆ ಪ್ಲೈವುಡ್. ಟಾರ್ಗೆಟ್ಟಿನ ನಡುಬಿಂದು ನೆಲದಿಂದ 1.40 ಮೀಟರ್, ಅದರ ಮೇಲೆ ಬೆಳಕು 1500 ಲಕ್ಸ್‌ಗೆ ಕಡಿಮೆಯಾಗಬಾರದು. ಮಾಡಿನ ಗಾಜಿನ ಹಂಚುಗಳನ್ನು ತೆಗೆದು ಮಣ್ಣಿನ ಹಂಚು ಹೊದಿಸಿ, ಇಲ್ಲದಿದ್ದರೆ ಬಿಸಿಲಿನ ತುಂಡೊಂದು ಬೆಳಗ್ಗೆ ಒಂದನೇ ಲೇನಿನಲ್ಲಿದ್ದು ಮಧ್ಯಾಹ್ನಕ್ಕೆ ಆರನೆಯದಕ್ಕೆ ಬಂದಿರುತ್ತದೆ. ಜೂನ್ ಬಂತೆಂದರೆ ಟಾರ್ಗೆಟ್ ಕಾಗದ ಸುರುಟುತ್ತದೆ, ಪೆಲೆಟ್ ಬೆಳ್ಳಗೆ ಬೂಸ್ಟು ಹಿಡಿದಂತಾಗುತ್ತದೆ. ಎರಡನ್ನೂ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ.

ದೂರ ಅಳೆಯುವಾಗ ಮೇಸ್ತ್ರಿಯ ಪಕ್ಕದಲ್ಲೇ ನಿಲ್ಲಿ. ಶೂಟರ್ ನಿಲ್ಲುವ ಗೆರೆಯಿಂದ ಟಾರ್ಗೆಟ್ಟಿಗೆ 10 ಮೀಟರ್, ಹೆಚ್ಚುಕಡಿಮೆಗೆ ಅವಕಾಶ ಐದು ಸೆಂಟಿಮೀಟರ್. ಅವರು ರೂಢಿಯಂತೆ 33 ಅಡಿ ಹಿಡಿದರೆ 10.06 ಮೀಟರ್ ಆಗಿ ಒಂದು ಸೆಂಟಿಮೀಟರಿನಲ್ಲಿ ಮಿತಿ ತಪ್ಪುತ್ತದೆ. ಟೇಪನ್ನು ಮೀಟರ್ ಇರುವ ಮಗ್ಗುಲಿಗೆ ತಿರುಗಿಸಿ ಕೊಡಿ.