ಅಡಿಕೆ ದುಡ್ಡು, ಎಂಪಿಎಚ್ ಸೀಟು

ದಂತವೈದ್ಯಕೀಯ ಪದವಿ ಬಿಡಿಎಸ್ ಮುಗಿದಿರುತ್ತದೆ. ಎಂಡಿಎಸ್‌ನಲ್ಲಿ ಬೇಕಾದ ವಿಭಾಗ ಸಿಕ್ಕಿರುವುದಿಲ್ಲ. ಸ್ವಂತ ಕ್ಲಿನಿಕ್ ಹಾಕೋಣವೆಂದರೆ ಅದೇ ರಸ್ತೆಯಲ್ಲಿ ಆಗಲೇ ಮೂರು ನಾಲ್ಕು ಬೋರ್ಡು. ಆಗ ಯಾರೋ ಸೀನಿಯರ್ ಹೇಳುತ್ತಾರೆ, ‘ಎಂಪಿಎಚ್ ಮಾಡು, ಫಾರಿನ್‌ಗೆ ಹೋಗು’ ಅಂತ. ಎಂಪಿಎಚ್ ಎಂದರೆ ಮಾಸ್ಟರ್ ಆಫ್ ಪಬ್ಲಿಕ್ ಹೆಲ್ತ್, ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ. ನಾನು ಆಪ್ತಸಲಹೆಗಾರ್ತಿ. ಕೋವಿಡ್ ಆದಮೇಲೆ ಈ ಮಾತು ಕೇಳಿಕೊಂಡು ನನ್ನ ಹತ್ತಿರ ಬರುವವರು ಜಾಸ್ತಿ. ಬಿಎಎಂಎಸ್, ನರ್ಸಿಂಗ್, ಫಿಸಿಯೋಥೆರಪಿ ಓದಿದವರೂ ಇದ್ದಾರೆ. ಕಥೆ ಮಾತ್ರ ಒಂದೇ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಹುಡುಗಿಯನ್ನು ಸುಮಾ ಎನ್ನೋಣ.

ಸುಮಾಳದು ಅಡಿಕೆ ಸೀಮೆಯ ಮನೆ. ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತ್ತು. ಶುಲ್ಕ, ಊಟ, ವಸತಿ ಎಲ್ಲ ಸೇರಿ 45 ಲಕ್ಷದ ಹತ್ತಿರ. ಬ್ಯಾಂಕಿನವರು ಜಾಮೀನು ಕೇಳಿದ್ದರು, ಇದ್ದದ್ದು ತೋಟ ಒಂದೇ. ಮನೆಯಲ್ಲಿ ಅಪ್ಪ ಮಗಳ ನಡುವೆ ಮಾತು ನಿಂತಿತ್ತು. ಅವಳಿಗೆ ರಾತ್ರಿ ನಿದ್ದೆ ಇಲ್ಲ. ನನ್ನ ಬಳಿ ಬಂದದ್ದು ನಿದ್ದೆಗೆ, ಕೋರ್ಸಿನ ವಿಚಾರಕ್ಕಲ್ಲ.

ಮೊದಲ ಭೇಟಿಯಲ್ಲಿ ‘ಅಲ್ಲಿ ಎರಡು ವರ್ಷ ಏನು ಓದ್ತೀಯಮ್ಮ?’ ಅಂದೆ. ‘ಪಬ್ಲಿಕ್ ಹೆಲ್ತ್, ಮೇಡಂ’ ಅಂದಳು. ಅದರಲ್ಲಿ ಏನು ಎಂದರೆ ವಿಶ್ವವಿದ್ಯಾಲಯದ ರ್‍ಯಾಂಕ್ ಹೇಳಿದಳು. ನಾನು ಜಾಸ್ತಿ ಕೆದಕಲಿಲ್ಲ. ಮುಂದಿನ ಸಲ ಅಪ್ಪನನ್ನೂ ಕರೆದುಕೊಂಡು ಬಾ ಎಂದೆ.

ಅಪ್ಪ ಬಂದರು. ಕೂತವರೇ ಕೇಳಿದ ಮೊದಲ ಪ್ರಶ್ನೆ: ‘ಮೇಡಂ, ಇದು ಓದಿದ ಮೇಲೆ ಬೋರ್ಡ್ ಮೇಲೆ ಏನಂತ ಬರೆಸಬಹುದು?’

ಸುಮಾಳಿಗೆ ನಾಚಿಕೆಯಾಯಿತು. ಅದು ನಾಚಿಕೆಪಡುವ ಪ್ರಶ್ನೆಯೇ ಅಲ್ಲ. ನಾನು ನೇರವಾಗಿ ಹೇಳಿದೆ: ಏನೂ ಬರೆಸೋಕಾಗಲ್ಲ. ಎಂಪಿಎಚ್‌ನಿಂದ ಚಿಕಿತ್ಸೆ ಕೊಡುವ ಹಕ್ಕು ಬರುವುದಿಲ್ಲ, ಬಿಡಿಎಸ್‌ನಿಂದ ಬಂದ ಹಕ್ಕು ಹೋಗುವುದೂ ಇಲ್ಲ. ಅಲ್ಲಿ ಕಲಿಸುವುದು ಒಬ್ಬ ರೋಗಿಯ ಬಗ್ಗೆ ಅಲ್ಲ, ಒಂದು ಊರಿನ ಬಗ್ಗೆ. ಕಾಯಿಲೆ ಯಾರಿಗೆ, ಎಲ್ಲಿ, ಯಾಕೆ ಬರುತ್ತೆ, ಅದನ್ನು ಲೆಕ್ಕ ಹಾಕೋದು ಹೇಗೆ, ತಡೆಯೋಕೆ ಸರ್ಕಾರ ಏನು ಮಾಡಬೇಕು, ಇಷ್ಟು.

‘ಹಂಗಾದ್ರೆ ಇವಳು ಯಾವ ಕಾಯಿಲೆ ಲೆಕ್ಕ ಹಾಕ್ತಾಳೆ?’ ಅಂದರು ಅಪ್ಪ.

ನಾನು ಸುಮಾಳ ಕಡೆ ನೋಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಇಂಟರ್ನ್‌ಶಿಪ್ ದಿನಗಳ ಮಾತು ಶುರುವಾಯಿತು. ಹಳ್ಳಿ ಕ್ಯಾಂಪ್‌ಗೆ ಬರುತ್ತಿದ್ದ, ಗುಟ್ಕಾ ಜಗಿಯುವ ಹುಡುಗರು. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸು, ಬಾಯಿ ಎರಡು ಬೆರಳಿನಷ್ಟೂ ತೆರೆಯುವುದಿಲ್ಲ. ಕೆನ್ನೆಯ ಒಳಪದರ ಗಟ್ಟಿಯಾಗಿ ಬಿಗಿದುಕೊಂಡಿರುತ್ತದೆ. ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಕೆಲವರಲ್ಲಿ ಮುಂದೆ ಅದೇ ಕ್ಯಾನ್ಸರ್ ಆಗುತ್ತದೆ. ‘ಬಾಯಿ ವ್ಯಾಯಾಮ ಹೇಳ್ಕೊಟ್ಟು ಕಳಿಸ್ತಿದ್ವಿ ಮೇಡಂ. ಮುಂದಿನ ಕ್ಯಾಂಪ್‌ಗೆ ಅವನ ತಮ್ಮನೇ ಬರ್ತಿದ್ದ. ನಾನೊಂದು ನೋಟ್‌ಬುಕ್ ಇಟ್ಟಿದ್ದೆ. ಎಷ್ಟನೇ ವಯಸ್ಸಿಗೆ ಜಗಿಯೋದು ಶುರುವಾಯ್ತು, ಮೊದಲು ಕೊಟ್ಟಿದ್ದು ಯಾರು, ದಿನಕ್ಕೆ ಎಷ್ಟು ಪ್ಯಾಕೆಟ್ ಅಂತ ಬರ್ಕೊತಿದ್ದೆ. ಯಾರೂ ಹೇಳಿರ್ಲಿಲ್ಲ, ಸುಮ್ನೆ.’

ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಲ್ಲೇ ನಿಷೇಧವಾಗಿದೆ. ಈಗ ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್. ಗಿರಾಕಿ ಎರಡನ್ನೂ ಕೊಂಡು ಅಂಗೈಯಲ್ಲೇ ಬೆರೆಸಿಕೊಳ್ಳುತ್ತಾನೆ. ಅದನ್ನೂ ಅವಳು ಬರೆದಿಟ್ಟುಕೊಂಡಿದ್ದಳು.

‘ಆ ಪಾನ್ ಮಸಾಲದಲ್ಲಿ ಏನಿರುತ್ತೆ?’ ಅಂದರು ಅಪ್ಪ. ಗೊತ್ತಿದ್ದೇ ಕೇಳಿದರು ಅನ್ನಿಸಿತು.

‘ಅಡಿಕೆ, ಅಪ್ಪಾಜಿ.’

‘ಅಂದ್ರೆ ತೋಟ ಅಡ ಇಟ್ಟು, ಅಡಿಕೆ ತಿನ್ಬೇಡಿ ಅಂತ ಹೇಳೋದು ಕಲಿಯೋಕೆ ಹೋಗ್ತೀಯಾ?’

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ತಂಬಾಕು ಸೇರದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಬೆಳೆಗಾರರು ಅದನ್ನು ಒಪ್ಪುವುದಿಲ್ಲ. ಇವರೂ ಒಪ್ಪಲಿಲ್ಲ. ‘ನಮ್ಮಜ್ಜಿ ದಿನಾ ಎಲೆ ಅಡಿಕೆ ಹಾಕ್ಕೊಂಡು ತೊಂಬತ್ತು ವರ್ಷ ಬದುಕಿದ್ಳು’ ಅಂದರು.

ಸುಮಾ ತಲೆ ಎತ್ತಿದಳು. ‘ಅಜ್ಜಿ ಬದುಕಿದ್ದು ಎಲ್ರಿಗೂ ಗೊತ್ತು, ಅಪ್ಪಾಜಿ. ಬದುಕದೇ ಇದ್ದೋರನ್ನ ಎಣಿಸಿದ್ದು ಯಾರು?’

ರ್‍ಯಾಂಕ್ ಬಿಟ್ಟು ಬೇರೇನೂ ಹೇಳಲು ಬಾರದಿದ್ದ ಹುಡುಗಿ ಇವಳೇನಾ ಅನ್ನಿಸಿತು. ಕಾಯಿಲೆಯ ಲೆಕ್ಕ ಹಾಕುವ ಶಾಸ್ತ್ರ, ಎಪಿಡೆಮಿಯಾಲಜಿ, ಹುಟ್ಟುವುದೇ ಇಂಥ ಪ್ರಶ್ನೆಯಿಂದ. ಇದನ್ನು ಕೇಳುವವರಿಗೆ ಎಂಪಿಎಚ್ ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ನಾನು ಬೇಡ ಎಂದದ್ದು ಆ ಸೀಟನ್ನು.

ಕಾರಣ ಹೇಳುತ್ತೇನೆ. ಅವಳ ಪ್ರಶ್ನೆ ಇರುವುದು ಇಲ್ಲಿ. ಈ ಅಂಗಡಿಗಳಲ್ಲಿ, ಈ ತೋಟಗಳಲ್ಲಿ. ಕೆಲಸವೂ ಇಲ್ಲೇ ಆಗಬೇಕು. ಇಲ್ಲಿನ ಸಂಬಳದಲ್ಲಿ 45 ಲಕ್ಷ ತೀರುವುದಿಲ್ಲ. ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಜಿಲ್ಲೆಗಳಲ್ಲಿರುವ ಸಾರ್ವಜನಿಕ ಆರೋಗ್ಯದ ಹುದ್ದೆಗಳು ಬಹುಪಾಲು ಗುತ್ತಿಗೆಯವು. ತಮಿಳುನಾಡಿನಲ್ಲಿ ಸಾರ್ವಜನಿಕ ಆರೋಗ್ಯಕ್ಕೇ ಪ್ರತ್ಯೇಕ ನಿರ್ದೇಶನಾಲಯ ಇದೆ, 1939ರ ಕಾಯ್ದೆ ಇದೆ. ಎಲ್ಲ ರಾಜ್ಯಗಳಲ್ಲೂ ಇಂಥದೊಂದು ಸಿಬ್ಬಂದಿ ಪಡೆ ಬೇಕು ಎಂದು 2017ರ ರಾಷ್ಟ್ರೀಯ ಆರೋಗ್ಯ ನೀತಿಯೂ ಹೇಳಿತು. ನೀತಿಯನ್ನು ನಂಬಿಕೊಂಡು ಸಾಲ ಮಾಡೋಕಾಗಲ್ಲ, ಅಲ್ವಾ?

ಸಾಲ ತೀರುವವರೆಗೆ ಅಲ್ಲೇ ದುಡಿಯುತ್ತೇನೆ ಎನ್ನುವವರು ಒಂದು ವಿಷಯ ತಿಳಿದಿರಬೇಕು. ಸುಮಾಳಿಗೆ ಸಿಕ್ಕಿದ್ದು ಸಾಮಾನ್ಯ ಎಂಪಿಎಚ್. ಅಮೆರಿಕದಲ್ಲಿ ಅಂಥ ಪದವಿಯ ನಂತರ ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡಲು ಇದುವರೆಗಿನ ನಿಯಮದಂತೆ ಒಂದು ವರ್ಷ ಸಿಗುತ್ತದೆ. ಎಪಿಡೆಮಿಯಾಲಜಿ, ಬಯೋಸ್ಟಾಟಿಸ್ಟಿಕ್ಸ್ (ಆರೋಗ್ಯದ ಅಂಕಿಅಂಶಗಳ ಶಾಸ್ತ್ರ) ಆದರೆ ವಿಜ್ಞಾನ ತಂತ್ರಜ್ಞಾನದ ಪಟ್ಟಿಗೆ ಸೇರುತ್ತವೆ, ಇನ್ನೂ ಎರಡು ವರ್ಷ ಸಿಗುತ್ತದೆ. ಏಜೆಂಟರು ಈ ವ್ಯತ್ಯಾಸ ಬಾಯಿ ಬಿಡುವುದು ಕಡಿಮೆ. ಗಣಿತದಲ್ಲಿ ಗಟ್ಟಿಯಿದ್ದು, ಆ ವಿಭಾಗಗಳನ್ನೇ ಆರಿಸಿ, ಸ್ಕಾಲರ್‌ಶಿಪ್ ಹಿಡಿದು ಬಂದವರಿಗೆ ‘ಹೋಗಿ ಬಾ’ ಎಂದೇ ಹೇಳಿದ್ದೇನೆ.

ಸುಮಾಳಿಗೆ ಕೊಟ್ಟ ಸಲಹೆ ಇದು: ಒಂದು ವರ್ಷ ಸಮುದಾಯದ ನಡುವೆ ಕೆಲಸ ಮಾಡು, ಸಂಬಳ ಕಡಿಮೆಯಾದರೂ ಸರಿ. ಆ ನೋಟ್‌ಬುಕ್ಕಿಗೊಂದು ರೂಪ ಕೊಡು. ಸ್ಟಾಟಿಸ್ಟಿಕ್ಸ್ ಕಲಿ, ಅದಕ್ಕೆ ಹೆದರಿ ಎಂಪಿಎಚ್ ಅರ್ಧಕ್ಕೆ ಬಿಟ್ಟವರಿದ್ದಾರೆ. ಆಮೇಲೆ ನಮ್ಮ ದೇಶದಲ್ಲೇ ಅರ್ಜಿ ಹಾಕು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರ 1997ರಿಂದ ಈ ಪದವಿ ಕೊಡುತ್ತಿದೆ. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಇದೆ. ನಮ್ಮಲ್ಲೇ ನಿಮ್ಹಾನ್ಸ್, ಮಣಿಪಾಲ, ಮೈಸೂರಿನ ಜೆಎಸ್ಎಸ್ ಇವೆ. ಶುಲ್ಕ ಒಂದೊಂದು ಕಡೆ ಒಂದೊಂದು ಥರ, ವಿಚಾರಿಸಬೇಕು. ದಂತ ಕಾಲೇಜಿನಲ್ಲಿ ಈ ವಿಷಯದ ಪಾಠ ಮಾಡುವ ಆಸೆಯಿದ್ದರೆ ದಾರಿಯೇ ಬೇರೆ. ಅದಕ್ಕೆ ಸಾರ್ವಜನಿಕ ದಂತ ಆರೋಗ್ಯದ ಎಂಡಿಎಸ್ ಬೇಕು.

‘ಹುಡುಗಿ ಅಂತ ತಡೆದಿರಿ’ ಎಂದರು ನನ್ನ ಸಹೋದ್ಯೋಗಿಯೊಬ್ಬರು. ಇಲ್ಲ. ಹುಡುಗ ಬಂದಿದ್ದರೂ ಇದೇ ಲೆಕ್ಕ ಹಾಕುತ್ತಿದ್ದೆ. ಇನ್ನೊಬ್ಬರ ಆಕ್ಷೇಪ ಗಂಭೀರವಾದದ್ದು. ಆಪ್ತಸಲಹೆಗಾರರು ಕೇಳಿಸಿಕೊಳ್ಳಬೇಕು, ದಾರಿ ತೋರಿಸಬಾರದು ಎಂದರು. ನಮಗೆ ಕಲಿಸಿದ್ದೂ ಅದನ್ನೇ. ಆದರೆ ಏಜೆಂಟ್ ದಾರಿ ತೋರಿಸುತ್ತಾನೆ, ಬ್ಯಾಂಕು ತೋರಿಸುತ್ತದೆ, ಪಕ್ಕದ ಮನೆಯವರೂ ತೋರಿಸುತ್ತಾರೆ. ಲೆಕ್ಕ ಗೊತ್ತಿರುವ ನಾನೊಬ್ಬಳೇ ಸುಮ್ಮನೆ ಕೂರಬೇಕಾ? ಮಾಹಿತಿ ಮುಂದಿಟ್ಟೆ. ಸೀಟು ಬಿಟ್ಟವಳು ಅವಳೇ, ಅದೂ ಎರಡು ವಾರ ಯೋಚನೆ ಮಾಡಿದ ಮೇಲೆ.

ಈಗ ಅವಳು ಬಾಯಿ ಕ್ಯಾನ್ಸರ್ ತಪಾಸಣೆಯ ಒಂದು ಯೋಜನೆಯಲ್ಲಿದ್ದಾಳೆ. ಪ್ರವೇಶ ಪರೀಕ್ಷೆಗೂ ಓದುತ್ತಿದ್ದಾಳೆ. ನಿದ್ದೆ ಸರಿಯಾಗಿದೆ. ಅಪ್ಪ ಮಗಳ ಜಗಳ ನಿಂತಿಲ್ಲ, ಮಾತು ನಿಂತಿದ್ದಕ್ಕಿಂತ ಇದು ವಾಸಿ. ಮೊನ್ನೆ ಅವರೇ ಫೋನ್ ಮಾಡಿದ್ದರು. ‘ಮೇಡಂ, ಅಡಿಕೆ ಬಿಟ್ಟು ನಾವು ಏನು ಬೆಳೀಬೇಕು ಅನ್ನೋದನ್ನೂ ಆ ಕೋರ್ಸಲ್ಲಿ ಹೇಳ್ಕೊಡ್ತಾರಾ?’ ಅಂದರು. ಸಂದರ್ಶನದಲ್ಲಿ ಇದನ್ನೇ ಕೇಳು ಅಂತ ಸುಮಾಗೆ ಹೇಳಿದ್ದೇನೆ.