ಡಿಕ್ಕಿ ತುಂಬಿದರೆ ಡಾನ್ಸ್ ಫ್ಲೋರ್ ತುಂಬುತ್ತಾ?

ಪಾರ್ಟಿಗಳಿಗೆ ಸಾಮಾನು ಹೊತ್ತುಕೊಂಡು ಹೋಗುವ ಡಿಜೆಗಳಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಇಟ್ಟುಕೊಂಡಿದ್ದೇನೆ. ಹೆಚ್ಚಿನವರ ಚಿಂತೆ ಒಂದೇ: ಏನನ್ನು ಒಯ್ಯೋದು, ಏನನ್ನು ಮನೆಯಲ್ಲಿ ಬಿಡೋದು?

ಪ್ರಶ್ನೆ: ಮೇಡಂ, ನನ್ನ ಹತ್ತಿರ 15 ಇಂಚಿನ ಎರಡು ಟಾಪ್ (ಮುಖ್ಯ ಸ್ಪೀಕರ್), 18 ಇಂಚಿನ ಎರಡು ಸಬ್ (ಬರೀ ಬೇಸ್‌ಗೆ ಇರುವ ಸ್ಪೀಕರ್), ಲೈಟು ಕಟ್ಟುವ ಟ್ರಸ್, ಪಾರ್ ಲೈಟು, ಮೂವಿಂಗ್ ಹೆಡ್ ಅನ್ನುವ ತಿರುಗುವ ಲೈಟು, ಸ್ಮೋಕ್ ಮಷಿನ್ ಎಲ್ಲ ಇದೆ. ಹುಟ್ಟುಹಬ್ಬ ಇರಲಿ, ದೊಡ್ಡ ರಿಸೆಪ್ಷನ್ ಇರಲಿ, ಅಷ್ಟನ್ನೂ ಒಯ್ಯುತ್ತೇನೆ. ಏನಾದರೂ ಕಡಿಮೆ ಬಿದ್ದರೆ ಅನ್ನೋ ಭಯ. ಈಗ ಬೆನ್ನು ಕೇಳುತ್ತಿಲ್ಲ, ಹೆಲ್ಪರ್ ಗೊಣಗುತ್ತಾನೆ. ಯಾವ ಪ್ರೋಗ್ರಾಮಿಗೆ ಎಷ್ಟು ಅಂತ ನಿರ್ಧರಿಸೋದು ಹೇಗೆ?

ಉತ್ತರ: ಹೆಲ್ಪರ್ ಗೊಣಗುವುದರಲ್ಲಿ ನ್ಯಾಯ ಇದೆ. 18 ಇಂಚಿನ ಸಬ್ ಒಂದೊಂದೂ ಸುಮಾರು 40 ಕಿಲೋ ತೂಗುತ್ತದೆ, ಕೆಲವು ಇನ್ನೂ ಜಾಸ್ತಿ. ಅಂಥ ಎರಡನ್ನು ಲಿಫ್ಟ್ ಇಲ್ಲದ ಎರಡನೇ ಮಹಡಿಗೆ ಹತ್ತಿಸಿ, ಮೂವತ್ತು ಜನ ಕೂತು ಹರಟುವ ಹುಟ್ಟುಹಬ್ಬದಲ್ಲಿ ವಾಲ್ಯೂಮ್ ತಗ್ಗಿಸಿ ಇಟ್ಟು, ರಾತ್ರಿ ಮತ್ತೆ ಇಳಿಸಿ ತಂದರೆ ಯಾರಿಗೇನು ಲಾಭ?

ನಿಮ್ಮ ಪತ್ರದಲ್ಲಿ ಎರಡು ಭಯ ಒಂದಕ್ಕೊಂದು ಸುತ್ತಿಕೊಂಡಿವೆ. ಸೌಂಡ್ ಸಾಲದೇ ಹೋದರೆ ಅನ್ನೋದು ಒಂದು. ನಡುವೆ ಏನಾದರೂ ಕೈಕೊಟ್ಟರೆ ಅನ್ನೋದು ಇನ್ನೊಂದು. ಮೊದಲನೆಯದು ಬುಕಿಂಗ್ ದಿನ ಸರಿಯಾಗಿ ಒಂದು ಫೋನ್ ಮಾಡಿದರೆ ಬಗೆಹರಿಯುತ್ತದೆ. ಎರಡನೆಯದಕ್ಕೆ ಒಂದು ಸಣ್ಣ ಬ್ಯಾಗ್ ಸಾಕು. ನೀವು ಎರಡಕ್ಕೂ ದೊಡ್ಡ ಸ್ಪೀಕರನ್ನೇ ಮದ್ದು ಮಾಡಿಕೊಂಡಿದ್ದೀರಿ. ಲ್ಯಾಪ್‌ಟಾಪಿಗೆ ಸೇರಿಸಿ ಹಾಡು ಮಿಕ್ಸ್ ಮಾಡುವ ಕಂಟ್ರೋಲರಿನ ಯುಎಸ್‌ಬಿ ಕೇಬಲ್ ಸತ್ತ ಹೊತ್ತಿನಲ್ಲಿ ಆ ಎರಡು ಸಬ್ ಏನು ಮಾಡುತ್ತವೆ ಹೇಳಿ?

ಮೊದಲು ಫೋನಿನ ವಿಷಯ. ಬುಕ್ ಮಾಡುವವರು ‘ಇನ್ನೂರು ಜನ’ ಅನ್ನುತ್ತಾರೆ. ಅಲ್ಲಿಗೆ ಬಿಡಬೇಡಿ. ಅದರಲ್ಲಿ ಕುಣಿಯುವವರು ಎಷ್ಟು, ಕುರ್ಚಿ ಬಿಡದವರು ಎಷ್ಟು? ಹಾಲ್ ಒಳಗಾ, ಬಯಲಲ್ಲಾ? ಭಾಷಣ ಇದೆಯಾ? ಗಾಡಿ ಬಾಗಿಲವರೆಗೆ ಬರುತ್ತಾ? ಒಳಗೆ ಎಷ್ಟು ಗಂಟೆಗೆ ಬಿಡುತ್ತಾರೆ, ಸೌಂಡ್ ಎಷ್ಟು ಗಂಟೆಗೆ ನಿಲ್ಲಿಸಬೇಕು? ಇದೆಲ್ಲ ಕೇಳಿದ ಮೇಲೆ ನಾನು ಜಾಗದ ಒಂದು ವಿಡಿಯೋ ಕಳಿಸಿ ಅನ್ನುತ್ತೇನೆ. ಗಾಡಿ ನಿಲ್ಲಿಸುವ ಜಾಗದಿಂದ ಶುರು ಮಾಡಿ ಡಿಜೆ ಟೇಬಲ್ ಹಾಕುವ ಮೂಲೆವರೆಗೆ ನಡೆದುಕೊಂಡೇ ತೆಗೆದದ್ದು. ಮೆಟ್ಟಿಲು, ಕಿರಿದಾದ ಬಾಗಿಲು, ಗೋಡೆಯ ಪ್ಲಗ್ ಪಾಯಿಂಟ್, ತಗ್ಗಾದ ಸೀಲಿಂಗ್ ಎಲ್ಲ ಅದರಲ್ಲೇ ಸಿಗುತ್ತವೆ. ‘ಸ್ವಲ್ಪ ಮೆಟ್ಟಿಲು ಇದೆ ಅಷ್ಟೇ’ ಅಂತ ಬಾಯಲ್ಲಿ ಹೇಳಿದ್ದನ್ನು ನಂಬಬೇಡಿ. ಹೇಳಿದವರು ಕೈಬೀಸಿಕೊಂಡು ಹತ್ತಿದವರು.

ಇನ್ನು ಸೌಂಡ್ ಸಾಲುತ್ತಾ ಅನ್ನೋದು. ವಾಟ್ಸ್ ಡಬಲ್ ಮಾಡಿದರೆ ಸೌಂಡೂ ಡಬಲ್ ಅಂತ ಬಹಳ ಜನ ತಿಳಿದಿದ್ದಾರೆ. 500 ವಾಟ್ಸನ್ನು 1000 ಮಾಡಿದರೆ ಸಿಗೋದು ಬರೀ 3 ಡೆಸಿಬಲ್. ಕಿವಿಗೆ ‘ಒಂಚೂರು ಏರಿತು’ ಅನಿಸುತ್ತದೆ, ಅಷ್ಟೇ. ಎರಡರಷ್ಟು ಜೋರು ಅನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು, ಅದಕ್ಕೆ ಪವರ್ 10 ಪಟ್ಟು ಬೇಕು. ಈಗ ದೂರದ ಲೆಕ್ಕ ನೋಡಿ. ಬಯಲಲ್ಲಿ ಸ್ಪೀಕರಿನಿಂದ ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬಲ್ ಇಳಿಯುತ್ತದೆ. 5 ಮೀಟರಿನಲ್ಲಿ 100 ಇದ್ದದ್ದು 10 ಮೀಟರಿನಲ್ಲಿ 94, 20 ಮೀಟರಿನಲ್ಲಿ 88. ಅಂದರೆ ಇದ್ದ ಸ್ಪೀಕರನ್ನೇ ಕುಣಿಯುವವರ ಹತ್ತಿರಕ್ಕೆ ಸರಿಸಿದರೆ ಸಿಗುವ ಲಾಭ, ಇನ್ನೊಂದು ಜೋಡಿ ಸ್ಪೀಕರ್ ಹೊತ್ತು ತಂದರೂ ಕೆಲವು ಸಲ ಸಿಗಲ್ಲ.

ಎತ್ತರವೂ ಅಷ್ಟೇ ಮುಖ್ಯ. ಟಾಪ್ ನೆಲದ ಮೇಲೋ ಸಬ್ ಮೇಲೋ ತಗ್ಗಾಗಿ ಕೂತಿದ್ದರೆ ಸಣ್ಣ ಸ್ವರಗಳೆಲ್ಲ ಮುಂದಿನ ಸಾಲಿನವರ ಮೈಗೆ ಬಡಿದು ಅಲ್ಲೇ ಸಾಯುತ್ತವೆ. ಹಿಂದಿದ್ದವರಿಗೆ ಬರೀ ಗುಮ್ ಗುಮ್. ಆಗ ಡಿಜೆ ವಾಲ್ಯೂಮ್ ಏರಿಸುತ್ತಾನೆ, ಮುಂದಿದ್ದವರು ಕಿವಿ ಮುಚ್ಚಿಕೊಳ್ಳುತ್ತಾರೆ, ಹಿಂದಿನವರು ಇನ್ನೂ ‘ಕೇಳ್ತಿಲ್ಲ’ ಅಂತ ಕೈ ಆಡಿಸುತ್ತಾರೆ. ಟಾಪಿನ ಬಾಯಿ ತಲೆಗಿಂತ ಮೇಲಿರುವ ಹಾಗೆ ಸ್ಟ್ಯಾಂಡ್ ಏರಿಸಿದರೆ ಈ ರಗಳೆ ಮುಕ್ಕಾಲು ಪಾಲು ಮುಗಿಯುತ್ತದೆ. ಸ್ಟ್ಯಾಂಡ್ ತೂಗೋದು ಕೆಲವೇ ಕಿಲೋ.

ನಾನು ಗಾಡಿಗೆ ಹಾಕುವ ಲೆಕ್ಕ ಹೀಗಿದೆ. ಹಾಲ್ ಒಳಗೆ 60 ಜನರ ತನಕ 12 ಇಂಚಿನ ಎರಡು ಆಕ್ಟಿವ್ ಸ್ಪೀಕರ್ (ಆಂಪ್ಲಿಫೈಯರ್ ಒಳಗೇ ಇರುವಂಥವು), ಸಬ್ ಬೇಡ. 100-150 ಜನ, ಕುಣಿತ ಇದೆ ಅಂದರೆ ಅವೇ ಎರಡು ಟಾಪ್, ಜೊತೆಗೆ ಒಂದು ಸಬ್. ಸುಮಾರು 100 ಹರ್ಟ್ಸ್‌ಗಿಂತ ಕೆಳಗಿನ ಬೇಸ್ ದುಡಿಮೆ ಸಬ್ ಪಾಲಿಗೆ ಹೋದರೆ ಟಾಪ್‌ಗಳು ಹಗುರಾಗುತ್ತವೆ, ಹಾಡಿನ ಮಾತು ಬಿಡಿಸಿ ಕೇಳುತ್ತದೆ. ನಿಮ್ಮ ಪೂರ್ತಿ ಸೆಟ್ ಹೊರಗೆ ಬರಬೇಕಾದ್ದು ಅದಕ್ಕಿಂತ ದೊಡ್ಡ ಜನಕ್ಕೆ, ಇಲ್ಲ ಬಯಲಿಗೆ. ಬಯಲಲ್ಲಿ ಬೇಸ್‌ಗೆ ಗೋಡೆಯ ಆಸರೆ ಇರೋದಿಲ್ಲ, ಹಾಗಾಗಿ ಒಳಗೆ ಎದೆ ನಡುಗಿಸಿದ ಸಬ್ ಹೊರಗೆ ಬಡಪಾಯಿ ಆಗಿಬಿಡುತ್ತದೆ. ಎರಡು ಸಬ್ ಒಯ್ದರೆ ಎಡಕ್ಕೊಂದು ಬಲಕ್ಕೊಂದು ಇಡುವ ಬದಲು ಪಕ್ಕಪಕ್ಕ ಅಂಟಿಸಿ ಇಟ್ಟು ನೋಡಿ. ಕೆಳಗಿನ ಸ್ವರಗಳು ಕೂಡಿಕೊಂಡು, ಒಂದೇ ಸಬ್ ಕೊಡುವುದಕ್ಕಿಂತ 6 ಡೆಸಿಬಲ್ ಹತ್ತಿರ ಹತ್ತಿರ ಜಾಸ್ತಿ ಸಿಗುತ್ತದೆ. ಇದಕ್ಕೂ ಮೀರಿದ ಪ್ರೋಗ್ರಾಮ್ ಬಂದರೆ ಸೌಂಡ್ ಬಾಡಿಗೆಗೆ ಕೊಡುವವರನ್ನು ಕರೆಸಿ. ವರ್ಷಕ್ಕೆ ಅಪರೂಪಕ್ಕೊಮ್ಮೆ ಬೇಕಾಗುವುದನ್ನು ಕೊಂಡು, ಕೊಂಡಿದ್ದೇನೆ ಅನ್ನುವ ಕಾರಣಕ್ಕೆ ಎಲ್ಲ ಕಡೆ ಹೊರೋದು ಬೇಡ.

ಇನ್ನೊಂದು ಮಾತು. ನಾನೂ ನನ್ನ ಹುಡುಗನೂ ಇಬ್ಬರೇ ಎತ್ತಿ ಒಳಗೆ ತರಲಾಗದ ಯಾವ ಸಾಮಾನನ್ನೂ ನಾನು ಇಟ್ಟುಕೊಂಡಿಲ್ಲ. ‘ಅಲ್ಲಿ ಯಾರಾದರೂ ಕೈ ಹಾಕ್ತಾರೆ’ ಅನ್ನೋದು ಹೋಗುವಾಗ ನಿಜ. ರಾತ್ರಿ ಹನ್ನೆರಡಕ್ಕೆ ಬಿಚ್ಚಿ ತುಂಬುವಾಗ ಅಲ್ಲಿ ಯಾರೂ ಇರೋದಿಲ್ಲ.

ಪ್ರಶ್ನೆ: ಸ್ಪೇರ್ ಅಂತ ಏನೇನು ಇರಬೇಕು? ಒಬ್ಬರು ಎರಡು ಲ್ಯಾಪ್‌ಟಾಪ್, ಎರಡು ಕಂಟ್ರೋಲರ್ ಒಯ್ಯಲೇಬೇಕು ಅಂದರು. ನನ್ನ ಹತ್ತಿರ ಅಷ್ಟು ದುಡ್ಡಿಲ್ಲ.

ಉತ್ತರ: ಬೇಕಾಗಿಲ್ಲ. ಒಂದೊಂದು ಸಾಮಾನನ್ನೂ ಮುಂದಿಟ್ಟುಕೊಂಡು ಒಂದೇ ಪ್ರಶ್ನೆ ಕೇಳಿ: ಇದು ಈಗ ಸತ್ತರೆ ಹಾಡು ನಿಲ್ಲುತ್ತಾ? ಎರಡು ಟಾಪ್‌ನಲ್ಲಿ ಒಂದು ಹೋದರೆ ಇನ್ನೊಂದು ನಡೆಸುತ್ತದೆ, ಅವು ಒಂದಕ್ಕೊಂದು ಸ್ಪೇರ್ ಇದ್ದ ಹಾಗೆ. ಒಂದು ಲೈಟು ಹೋದರೆ ಯಾರಿಗೂ ಗೊತ್ತಾಗಲ್ಲ. ಲ್ಯಾಪ್‌ಟಾಪ್ ನಿಂತರೆ ಮಾತ್ರ ಎಲ್ಲರ ಕತ್ತೂ ನಿಮ್ಮ ಕಡೆ ತಿರುಗುತ್ತದೆ.

ಅದಕ್ಕೆ ಉತ್ತರ ಫೋನ್. ಒಂದೆರಡು ಗಂಟೆಯ ಮಿಕ್ಸ್ ಫೋನಿನಲ್ಲೇ ಡೌನ್‌ಲೋಡ್ ಆಗಿರಲಿ. ಇಂಟರ್‌ನೆಟ್ ನಂಬಿಕೊಂಡ ಆ್ಯಪ್‌ನಲ್ಲಿ ಬೇಡ. ಅದರಿಂದ ಮಿಕ್ಸರಿನ ಇನ್ನೊಂದು ಚಾನಲ್‌ಗೆ ಕೇಬಲ್ ಮೊದಲೇ ಚುಚ್ಚಿಟ್ಟಿರಿ. ಲ್ಯಾಪ್‌ಟಾಪ್ ಹ್ಯಾಂಗ್ ಆದರೆ ಆ ಚಾನಲ್ ಏರಿಸಿ, ಪ್ಲೇ ಒತ್ತಿ, ಆಮೇಲೆ ನಿಧಾನಕ್ಕೆ ರೀಸ್ಟಾರ್ಟ್ ಮಾಡಿ. ಕಂಟ್ರೋಲರಿನ ಒಳಗೇ ಮಿಕ್ಸರ್ ಇದ್ದು, ಲ್ಯಾಪ್‌ಟಾಪ್ ಇಲ್ಲದೆ ಅದು ಕೆಲಸ ಮಾಡದಿದ್ದರೆ ಫೋನನ್ನು ನೇರವಾಗಿ ಸ್ಪೀಕರಿಗೆ ಹಾಕುವ ಕೇಬಲ್ ಬೇಕು. ಇದನ್ನು ಮನೆಯಲ್ಲೇ ಒಂದು ಸಲ ಮಾಡಿ ನೋಡಿ. ಆ ಕೇಬಲ್ ಇದೆ ಅಂದುಕೊಂಡಿರೋದು ಬೇರೆ, ಅದು ನಿಮ್ಮ ಸ್ಪೀಕರಿನ ಹಿಂದೆ ಹೋಗಿ ಕೂರೋದು ಬೇರೆ.

ನನ್ನ ಬ್ಯಾಗ್ ಶಾಲೆಯ ಮಕ್ಕಳ ಬ್ಯಾಗಿನಷ್ಟು ದೊಡ್ಡದು. ಕಂಟ್ರೋಲರಿಗೆ ಹೋಗುವ ಯುಎಸ್‌ಬಿ ಕೇಬಲ್ ಇನ್ನೊಂದು, ಲ್ಯಾಪ್‌ಟಾಪ್ ಚಾರ್ಜರ್, ಮೈಕ್, ಸ್ಪೀಕರುಗಳಿಗೆ ಹಾಕುವ ಉದ್ದದ ಎಕ್ಸ್‌ಎಲ್‌ಆರ್ ಕೇಬಲ್ ಎರಡು, ಸ್ಪೀಕರಿನ ಪವರ್ ಕಾರ್ಡ್ ಒಂದು, ಫೋನ್ ಕೇಬಲ್, ಆರ್‌ಸಿಎ ಪಿನ್ನಿನಿಂದ ಜ್ಯಾಕ್ ಪಿನ್ನಿಗೆ ಹೋಗುವ ಕನ್ವರ್ಟರುಗಳು, ಹೊಸ ಎಎ ಸೆಲ್, ಟಾರ್ಚ್, ಅಗಲದ ಟೇಪ್, ಎಲ್ಲ ಹಾಡೂ ಇರುವ ಪೆನ್ ಡ್ರೈವ್. ಜೊತೆಗೆ ಒಂದು ವೈರ್ ಮೈಕ್, ಅದರ ಕೇಬಲ್ ಸಮೇತ. ಕಾರ್ಡ್‌ಲೆಸ್ ಮೈಕ್ ಕೈಕೊಡೋದು ಯಾವಾಗಲೂ ಹುಡುಗಿಯ ತಂದೆ ಮಾತಾಡಲು ಎದ್ದು ನಿಂತಾಗಲೇ. ಆಗ ಸೆಲ್ ಬೇಡದ, ಸಿಗ್ನಲ್ ಬೇಡದ ಮೈಕ್ ಒಂದು ಕೈಗೆ ಸಿಗಬೇಕು. ಶೂರ್ ಕಂಪನಿಯ ಎಸ್‌ಎಂ58 ಮಾದರಿ 1966ರಿಂದ ಬರುತ್ತಿದೆ, ಇವತ್ತಿಗೂ ಸ್ಟೇಜುಗಳಲ್ಲಿ ಕಾಣುತ್ತದೆ ಅಂದರೆ ಸುಮ್ನೆ ಅಲ್ಲ.

ಲ್ಯಾಪ್‌ಟಾಪಿಗೂ ಸ್ಪೀಕರಿಗೂ ನಡುವೆ ಹಾಕುವ ಡಿಐ ಬಾಕ್ಸ್ ಅನ್ನುವ ಸಣ್ಣ ಪೆಟ್ಟಿಗೆಯನ್ನೂ ಸೇರಿಸಿಕೊಳ್ಳಿ. ಲ್ಯಾಪ್‌ಟಾಪ್ ಚಾರ್ಜರ್ ಹಾಕಿದ ಕೂಡಲೇ ಸ್ಪೀಕರಿನಲ್ಲಿ ಗುಂಯ್ ಅನ್ನುತ್ತದಲ್ಲ, ಅದು ಬಹಳ ಸಲ ಅರ್ಥಿಂಗ್ ಎರಡು ದಾರಿಯಲ್ಲಿ ಸುತ್ತಿಕೊಂಡಿದ್ದರ ಸದ್ದು. ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ನಡುವೆ ಹಾಕಿದರೆ ಹೋಗುತ್ತದೆ. ಪ್ಲಗ್ಗಿನ ಅರ್ಥ್ ಪಿನ್ ಕಿತ್ತರೂ ಸದ್ದು ಹೋಗುತ್ತದೆ ಅಂತ ಯಾರಾದರೂ ಹೇಳಿಯಾರು. ದಯವಿಟ್ಟು ಕಿವಿಗೆ ಹಾಕಿಕೊಳ್ಳಬೇಡಿ. ಮೈಕ್ ಹಿಡಿದವರ ಜೀವದ ಪ್ರಶ್ನೆ ಅದು.

ಪ್ರಶ್ನೆ: ಎರಡೇ ಸ್ಪೀಕರ್ ಇಳಿಸಿದರೆ ಪಾರ್ಟಿಯವರು ‘ಇಷ್ಟೇನಾ?’ ಅಂತ ಮುಖ ನೋಡುತ್ತಾರೆ. ತೋರಿಸಲಿಕ್ಕಾದರೂ ಜಾಸ್ತಿ ಒಯ್ಯಬೇಕಲ್ವಾ?

ಉತ್ತರ: ಇದು ನಿಜವಾದ ತೊಂದರೆ, ನಗುವ ವಿಷಯ ಅಲ್ಲ. ಕಣ್ಣಿಗೆ ಕಂಡಷ್ಟೇ ದುಡ್ಡಿನ ಬೆಲೆ ಅಂತ ನೋಡುವವರು ಇದ್ದೇ ಇರುತ್ತಾರೆ. ಆದರೆ ಇದನ್ನು ಗಾಡಿ ಇಳಿಸುವ ಹೊತ್ತಿಗೆ ಬಗೆಹರಿಸಲಿಕ್ಕಾಗಲ್ಲ. ಬುಕಿಂಗ್ ದಿನವೇ ಏನೇನು ತರುತ್ತೀರಿ ಅಂತ ಬರೆದು ಕಳಿಸಿ: ಇಷ್ಟು ಸ್ಪೀಕರ್, ಇಷ್ಟು ಲೈಟು, ಎರಡು ಮೈಕ್, ಟೇಬಲ್, ಮುಂದೆ ಕವರ್. ಇನ್ನೂ ಬೇಕು ಅಂದರೆ ಅದಕ್ಕೆ ಬೇರೆ ರೇಟ್ ಹೇಳಿ. ರೇಟ್ ಕೇಳಿದ ಮೇಲೆ ಅರ್ಧ ಜನಕ್ಕೆ ಇದ್ದದ್ದೇ ಸಾಕಾಗುತ್ತದೆ.

ನೋಟಕ್ಕೆ ತೂಕ ಬೇಕಿಲ್ಲ. ಟೇಬಲ್ ಮುಂದೆ ಇಸ್ತ್ರಿ ಮಾಡಿದ ಬಟ್ಟೆ, ಟೇಪ್ ಹಚ್ಚಿ ಮುಚ್ಚಿದ ವೈರು, ಸ್ಟ್ಯಾಂಡಿಗೆ ಬಿಳಿ ಕವರು ಹಾಕಿ ಒಳಗೊಂದು ಎಲ್‌ಇಡಿ ಲೈಟು ಇಟ್ಟರೆ ಎರಡೇ ಸ್ಪೀಕರ್ ಕಂಬದ ಹಾಗೆ ಎದ್ದು ಕಾಣುತ್ತವೆ. ಖಾಲಿ ಬಾಕ್ಸ್ ತಂದು ಜೋಡಿಸುವವರೂ ಇದ್ದಾರಂತೆ. ನನಗಂತೂ ಅದು ಸರಿ ಕಾಣಲ್ಲ.

ಜೋರು ಇದ್ದಷ್ಟೂ ಒಳ್ಳೇದು ಅನ್ನುವವರಿಗೆ ಒಂದು ಲೆಕ್ಕ ಇಟ್ಟುಕೊಂಡಿರಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹಾಡು ಹಾಕುವ ಜಾಗಗಳಿಗೆ ಒಂದು ಮಿತಿ ಹೇಳಿತು, 15 ನಿಮಿಷದ ಸರಾಸರಿ 100 ಡೆಸಿಬಲ್ ದಾಟಬಾರದು ಅಂತ. ಫೋನಿನಲ್ಲಿ ಅಳೆಯುವ ಆ್ಯಪ್‌ಗಳು ಪಕ್ಕಾ ಅಲ್ಲದಿದ್ದರೂ ಅಂದಾಜಿಗೆ ಸಾಕು. ಅತಿಥಿಗಳು ಒಂದು ರಾತ್ರಿ ಕೇಳಿ ಹೋಗುತ್ತಾರೆ. ನೀವು ಪ್ರತಿ ವಾರ ಅದರ ಪಕ್ಕದಲ್ಲೇ ನಿಂತಿರುತ್ತೀರಿ. ಆ ಬ್ಯಾಗಿನಲ್ಲಿ ಇಯರ್ ಪ್ಲಗ್ಗಿಗೂ ಜಾಗ ಇದೆ.

ಪ್ರಶ್ನೆ: ಹಾಲ್‌ನವರ ಹತ್ತಿರವೇ ಸೌಂಡ್ ಸಿಸ್ಟಮ್ ಇದೆಯಂತೆ. ಬರೀ ಲ್ಯಾಪ್‌ಟಾಪ್ ತಂದರೆ ಸಾಕು ಅನ್ನುತ್ತಾರೆ. ಹೋಗಲಾ?

ಉತ್ತರ: ಮೊದಲು ಕೇಳಿಸಿಕೊಂಡು ಬನ್ನಿ. ಹಾಲ್‌ಗಳ ಸೀಲಿಂಗ್ ಸ್ಪೀಕರ್ ಬಹಳ ಕಡೆ ಅನೌನ್ಸ್‌ಮೆಂಟಿಗೆ ಹಾಕಿದ್ದು. ಮಾತಿಗೆ ಚೆನ್ನ, ಬೇಸ್‌ಗೆ ನಾಲಾಯಕ್ಕು. ಹೋಗಲಿಕ್ಕಾಗದಿದ್ದರೆ ಮಿಕ್ಸರಿನ ಹಿಂಭಾಗದ ಫೋಟೋ ತರಿಸಿಕೊಳ್ಳಿ, ಯಾವ ಪಿನ್ ಹೋಗುತ್ತದೆ ಅಂತ ತಿಳಿಯುತ್ತದೆ. ಬೀಗ ಹಾಕಿದ ರೂಮಿನಲ್ಲಿ ಆಂಪ್ಲಿಫೈಯರ್ ಇದ್ದರೆ ಕೀ ಯಾರ ಹತ್ತಿರ, ರಾತ್ರಿ ಅವರು ಇರುತ್ತಾರಾ ಅಂತಲೂ ಕೇಳಿ. ಎಲ್ಲ ಸರಿ ಇದ್ದರೂ ನಾನು ನನ್ನ ಒಂದು ಜೋಡಿ 12 ಇಂಚಿನ ಸ್ಪೀಕರನ್ನು ಗಾಡಿಯಲ್ಲೇ ಇಟ್ಟಿರುತ್ತೇನೆ. ಬೇಡ ಅಂದರೆ ಇಳಿಸೋದಿಲ್ಲ.

ಪ್ರಶ್ನೆ: ಪಾರ್ಟಿ ನಡುವೆ ಪದೇ ಪದೇ ಕರೆಂಟ್ ಟ್ರಿಪ್ ಆಗುತ್ತದೆ. ಸ್ಪೀಕರ್ ಜಾಸ್ತಿಯಾಯ್ತಾ?

ಉತ್ತರ: ಬಹುಶಃ ಸ್ಮೋಕ್ ಮಷಿನ್. ಹೊಗೆಯ ದ್ರವ ಕಾಯಿಸುವ ಹೀಟರ್ ಒಳಗಿದೆ. ದೊಡ್ಡ ಮಷಿನ್ 1000 ವಾಟ್ಸಿಗೂ ಮೇಲೆ ಎಳೆಯುತ್ತದೆ, ಅದೂ ನಡುನಡುವೆ ಆನ್ ಆಫ್ ಆಗುತ್ತಾ. ಹಳೇ ಹ್ಯಾಲೊಜೆನ್ ಪಾರ್ ಲೈಟ್ ಇಟ್ಟುಕೊಂಡಿದ್ದರೆ ಅವೂ ಒಂದೊಂದು 500, 1000 ವಾಟ್ಸಿನವು. ಸ್ಪೀಕರ್ ಮೇಲೆ 1000 ವಾಟ್ಸ್ ಅಂತ ಬರೆದಿದ್ದರೂ ಹಾಡಿಗೆ ಸರಾಸರಿ ಎಳೆಯೋದು ಅದರಲ್ಲಿ ಸಣ್ಣ ಪಾಲು. ಸೌಂಡಿಗೆ ಒಂದು ಪಾಯಿಂಟ್, ಲೈಟು ಮತ್ತು ಹೊಗೆಗೆ ಇನ್ನೊಂದು ಅಂತ ಬೇರೆ ಮಾಡಿ. ಎರಡೂ ಒಂದೇ ಎಂಸಿಬಿಗೆ (ಟ್ರಿಪ್ ಆಗುವ ಸ್ವಿಚ್ಚಿಗೆ) ಸೇರಿದ್ದಲ್ಲ ಅಂತ ಮೊದಲೇ ನೋಡಿಕೊಳ್ಳಿ. ಹಾಲ್‌ನಲ್ಲಿ ಸ್ಮೋಕ್ ಅಲಾರಂ ಇದೆಯಾ ಅಂತ ಕೇಳೋದನ್ನೂ ಮರೆಯಬೇಡಿ. ಇದ್ದರೆ ಮಷಿನ್ ಮನೆಯಲ್ಲೇ ಇರಲಿ.

ಪ್ರಶ್ನೆ: ನನಗೆ ಟರ್ನ್‌ಟೇಬಲ್ ಹುಚ್ಚು. ಪಾರ್ಟಿಗಳಿಗೂ ಅದನ್ನೇ ಒಯ್ಯಬೇಕು ಅಂತ ಆಸೆ. ಬೈಯ್ಯಬೇಡಿ.

ಉತ್ತರ: ಯಾಕೆ ಬೈಯ್ಯಲಿ? 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಕಂಡರೆ ಈಗಲೂ ನನ್ನ ಕೈ ತುರಿಸುತ್ತದೆ. ಆದರೆ ಅಂಥದ್ದು ಒಂದೊಂದೂ 12 ಕಿಲೋ ಹತ್ತಿರ, ಬೇಕಾದ್ದು ಎರಡು, ರೆಕಾರ್ಡುಗಳ ಡಬ್ಬಿ ಬೇರೆ. ಮರದ ಸ್ಟೇಜ್ ಆದರೆ ಕುಣಿತಕ್ಕೆ ಮುಳ್ಳು ಹಾರುತ್ತದೆ. ಸಬ್ ಹತ್ತಿರ ಇದ್ದರೆ ಅದರ ನಡುಕವೇ ಮುಳ್ಳಿನೊಳಗೆ ಹೊಕ್ಕು ಗೂಂ ಅಂತ ಸುತ್ತಲು ಶುರು ಮಾಡುತ್ತದೆ. ಕರೆದವರು ರೆಕಾರ್ಡೇ ಬೇಕು ಅಂದಿದ್ದರೆ ಖಂಡಿತ ಒಯ್ಯಿರಿ. ಕಾಂಕ್ರೀಟ್ ನೆಲದ ಮೇಲೆ ಗಟ್ಟಿ ಟೇಬಲ್ ಕೇಳಿ, ಕೆಳಗೆ ದಪ್ಪ ಫೋಮ್ ಹಾಕಿ, ಸಬ್ಬನ್ನು ದೂರ ಇಡಿ. ಸ್ಪೇರ್ ಮುಳ್ಳು ಎರಡಾದರೂ ಇರಲಿ, ಪೆನ್ ಡ್ರೈವೂ ಜೇಬಿನಲ್ಲಿರಲಿ.