ಅವ್ವನ ರಿಪೋರ್ಟಿನ ಮೇಲೆ ನಿಮಗೂ ಮಾತಿದೆ

ಹೆಸರು ಹಾಕಬೇಡಿ ಎಂದು ಬಾಗಲಕೋಟೆಯಿಂದ ಬರೆದ ಓದುಗರಿಗೆ ನಮಸ್ಕಾರ. ಅವ್ವ ಈಗ ಹೇಗಿದ್ದಾರೆ?

ನಿಮ್ಮ ಪತ್ರ ಓದಿ ಸಿಟ್ಟು ಬಂತು. ಕಿಡ್ನಿ ತೊಂದರೆ ಅಂತ ಅವ್ವನಿಗೆ ಖಾಸಗಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದ್ದೀರಿ, ರಿಪೋರ್ಟ್ ಇನ್ನೂ ನಿಮ್ಮ ಕೈಗೇ ಬಂದಿಲ್ಲ, ಅಷ್ಟರಲ್ಲಿ ಯಾರೋ ಫೋನ್ ಮಾಡಿ ‘ಕ್ರಿಯಾಟಿನಿನ್ 6.2 ಇದೆಯಲ್ಲ, ನಮ್ಮ ಪುಡಿ ಕೊಡಿ, ಡಯಾಲಿಸಿಸ್ ಬೇಕಾಗಲ್ಲ’ ಅಂದಿದ್ದಾನೆ. ಕೇಳಲು ಹೋದರೆ ಕೌಂಟರಿನವರು ‘ಸರ್ವರ್ ಹ್ಯಾಕ್ ಆಗೇತ್ರಿ, ನಾವೇನ್ ಮಾಡೂದು? ಹೊಸ ಕಾನೂನು ಇನ್ನೂ ಜಾರಿ ಆಗಿಲ್ಲ’ ಎಂದು ಸಾಗಹಾಕಿದ್ದಾರೆ.

ಹ್ಯಾಕ್ ಯಾರಿಗೂ ಆಗಬಹುದು, ನಿಜ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್‌ನಂಥ ಏಮ್ಸ್‌ಗೇ ಆಯಿತು, ಎಷ್ಟೋ ದಿನ ಎಲ್ಲವನ್ನೂ ಕೈಯಲ್ಲೇ ಬರೆಯಬೇಕಾಯಿತು. ಆದರೆ ಆದದ್ದನ್ನು ರೋಗಿಗೆ ಹೇಳದೆ ಇರುವುದು ಬೇರೆ ಮಾತು. ಅದು ತಪ್ಪು.

ಇನ್ನು ಕಾನೂನು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಭಾಗಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವು ಇದೆ. ಮಾಹಿತಿ ಸೋರಿದರೆ ನಿಮಗೆ ತಿಳಿಸಲೇಬೇಕು, ಸರಿಯಾಗಿ ಕಾಪಾಡದಿದ್ದರೆ 250 ಕೋಟಿವರೆಗೂ ದಂಡ ಅಂತೆಲ್ಲ ಅದರಲ್ಲಿದೆ. ಆ ದಂಡ ಹೋಗುವುದು ಸರ್ಕಾರದ ಖಜಾನೆಗೆ. ಅವ್ವನಿಗೆ ಅದರಲ್ಲಿ ಒಂದು ರೂಪಾಯಿಯೂ ಬರುವುದಿಲ್ಲ. ಪರಿಹಾರ ಕೊಡಿಸುವ ದಾರಿ ಇರುವುದು ಹಳೆಯ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 43ಎ ಕಲಂನಲ್ಲಿ. ಹೊಸ ಕಾನೂನು ಪೂರ್ತಿ ಜಾರಿಯಾದ ದಿನ ಆ ಕಲಂ ರದ್ದಾಗುತ್ತದೆ! ಹಾಗಾಗಿ ಕೌಂಟರಿನವರ ಮಾತು ಕೇಳಿ ಸುಮ್ನೆ ಕಾಯುತ್ತಾ ಕೂತರೆ ನಷ್ಟ ನಿಮಗೇ. ಆ ಕಲಂನಡಿ ಬಂದ 2011ರ ನಿಯಮಗಳಲ್ಲಿ ರೋಗಿಯ ದಾಖಲೆಯನ್ನು ಸೂಕ್ಷ್ಮ ಮಾಹಿತಿ ಎಂದೇ ಹೆಸರಿಸಿದ್ದಾರೆ, ಖಾಸಗಿ ಆಸ್ಪತ್ರೆ ಅದರೊಳಗೆ ಬರುತ್ತದೆ. ದೂರು ಕೇಳುವವರು ರಾಜ್ಯದ ಐಟಿ ಇಲಾಖೆಯ ಕಾರ್ಯದರ್ಶಿ, 5 ಕೋಟಿವರೆಗಿನ ಪರಿಹಾರದ ಕೇಸು ಅವರ ಮುಂದೆ ಹಾಕಬಹುದು. ಅಸಡ್ಡೆಯಿಂದಲೇ ಸೋರಿತು, ಅದರಿಂದ ನಿಮಗೆ ನಷ್ಟವಾಯಿತು ಎಂದು ತೋರಿಸಬೇಕಾಗುತ್ತದೆ. ಸುಲಭ ಅಂತ ಹೇಳಲಾರೆ, ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಅಷ್ಟು ದೂರ ಹೋಗುವ ಮೊದಲು ಊರಲ್ಲೇ ಒಂದು ಬಾಗಿಲಿದೆ. ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರ ಇದೆ, ಅಲ್ಲಿಗೆ ಅರ್ಜಿ ಕೊಡಿ. ಫೋನ್ ಮಾಡಿದವನ ನಂಬರ್, ಕರೆ ಬಂದ ಹೊತ್ತು, ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆಗೂ ಹೋಗಿ. ದುಡ್ಡು ಕಳೆದುಕೊಂಡಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಆ ಪುಡಿಯನ್ನಂತೂ ದಯವಿಟ್ಟು ಅವ್ವನಿಗೆ ಕೊಡಬೇಡಿ.

‘ಎಲ್ಲಾ ಅಳಿಸಿಹಾಕಿ ಅಂತ ಹೇಳಲೇ?’ ಎಂದಿದ್ದೀರಿ. ಈಗ ಬೇಡ. ಮುಂದಿನ ಚಿಕಿತ್ಸೆಗೆ ಅದೇ ದಾಖಲೆ ಬೇಕಾಗುತ್ತದೆ, ನಿಮ್ಮ ದೂರಿಗೂ ಬೇಕು. ಬದಲಿಗೆ ಆಸ್ಪತ್ರೆಗೆ ಪತ್ರ ಬರೆದು ದಾಖಲೆಯ ಪ್ರತಿ ಕೇಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ 2002ರ ನಡತೆ ನಿಯಮಗಳೇ ಹೇಳುತ್ತವೆ.

ಏನೇನು ಸೋರಿತು, ಯಾವಾಗ ಗೊತ್ತಾಯಿತು, ನಮಗೆ ಯಾಕೆ ಹೇಳಲಿಲ್ಲ, ಯಾರಿಗೆ ವರದಿ ಮಾಡಿದಿರಿ, ಇಷ್ಟನ್ನೂ ಅದೇ ಪತ್ರದಲ್ಲಿ ಕೇಳಿ. ಬಾಯಿಮಾತು ಬೇಡ. ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ತಗೊಳ್ಳಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನ. ಅವರ ಉತ್ತರ ಬಂದ ಮೇಲೆ ನನಗೂ ಒಂದು ಪ್ರತಿ ಕಳಿಸಿ, ಮುಂದಿನ ಅರ್ಜಿಯನ್ನು ಕೂತು ಒಟ್ಟಿಗೆ ಬರೆಯೋಣ.

– ಸಂಪಾದಕ